ಹಳೆಯ ಪಿಕಪ್ ಗಾಡಿಯ ಆರೈಕೆ

(ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು ಬರೆದದ್ದು)

ಅಚ್ಚಿಗೆ ಕೀಲೆಣ್ಣೆ ಹಾಕದೆ, ಹಗ್ಗ ಮಿಣಿಗಳನ್ನು ನೋಡದೆ, ಎತ್ತಿನ ಲಾಳವನ್ನು ಮುಟ್ಟಿ ನೋಡದೆ ಸಂತೆಗೆ ಗಾಡಿ ಕಟ್ಟಿದ ಒಕ್ಕಲಿಗನನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಾರರು. ಆ ಎತ್ತಿನ ಗಾಡಿಯ ಸ್ಥಾನಕ್ಕೆ ಈಗ ಬಹುಮಟ್ಟಿಗೆ ಪಿಕಪ್ ಎಂಬ ಸಣ್ಣ ಮೋಟಾರು ಗಾಡಿಯು ಬಂದಿರುತ್ತದೆ. 2005ನೆಯ ಇಸವಿಯಲ್ಲಿ ಟಾಟಾ ಏಸ್ ಎಂಬ ಎರಡು ಸಿಲಿಂಡರುಗಳ ಪುಟ್ಟ ಡೀಸೆಲ್ ಗಾಡಿಯು ಪೇಟೆಗೆ ಬಂದಿತು. ಅದಕ್ಕಿಂತ ದೊಡ್ಡವಾದ ಬೊಲೆರೊ ಮುಂತಾದ ಪಿಕಪ್ಪುಗಳೂ ಇಂದು ಹಳ್ಳಿಹಳ್ಳಿಗಳಲ್ಲಿ ಓಡಾಡುತ್ತಿವೆ. ಹೊಸ ಗಾಡಿಯನ್ನು ಕೊಳ್ಳುವ ಶಕ್ತಿಯಿಲ್ಲದ ರೈತನು ಮತ್ತೊಬ್ಬರ ಕೈಯಲ್ಲಿ ಹತ್ತು ಹನ್ನೆರಡು ವರ್ಷ ದುಡಿದ ಗಾಡಿಯನ್ನು ಕೊಳ್ಳುತ್ತಾನೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಮುದಿ ಎತ್ತಿನ ಮೈ ಸವರಿ ಅದರ ಬಲಾಬಲವನ್ನು ತಿಳಿಯುವ ರೈತನೇ, ಮುದಿ ಗಾಡಿಯ ವಿಷಯದಲ್ಲಿ ಅದು ನಿಂತುಹೋಗುವವರೆಗೂ ಕಣ್ಣೆತ್ತಿ ನೋಡುವುದಿಲ್ಲ.

ನಾನು ಕಲಿತದ್ದು ವ್ಯವಸಾಯಶಾಸ್ತ್ರ; ಯಂತ್ರಶಾಸ್ತ್ರವಲ್ಲ. ಆದರೂ ಈ ವಿಷಯವಾಗಿ ಬರೆಯಲು ಧೈರ್ಯಮಾಡಿರುವುದಕ್ಕೆ ಕಾರಣವುಂಟು. ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೋಕಿನಲ್ಲಿ ನಮ್ಮ ಜಮೀನನ್ನು ನೋಡಿಕೊಳ್ಳುತ್ತಿರುವ ನನ್ನ ತಮ್ಮನು 2022ನೆಯ ಇಸವಿಯಲ್ಲಿ ಹನ್ನೆರಡು ವರ್ಷ ಹಳೆಯದಾದ ಪಿಕಪ್ ಒಂದನ್ನು ಗೊತ್ತುಮಾಡಿಕೊಂಡು, “ಅಣ್ಣಾ, ನೀನೊಂದು ಸಲ ಬಂದು ನೋಡಿಬಿಡು” ಎಂದು ಕರೆದನು. ಹೋಗಿ ನೋಡಿದೆನು. ಬಣ್ಣ ಹೊಸದಾಗಿ ಬಳಿದಿತ್ತು; ಸರಕು ಹೇರುವ ತೊಟ್ಟಿ ಗಟ್ಟಿಯಾಗಿತ್ತು; ಕೀಲಿ ತಿರುಗಿಸಿದೊಡನೆ ಇಂಜಿನು ಹೊರಟಿತು. “ಒಳ್ಳೆಯದೇ ಇದೆ, ಕೊಂಡುಕೋ” ಎಂದು ಹೇಳಿ ಬಂದೆನು. ಹಲ್ಲು ನೋಡದೆ ಕೊಂಬಿನ ಬಣ್ಣ ನೋಡಿ ಎತ್ತಿಗೆ ಬೆಲೆ ಕಟ್ಟಿದವನಂತೆ ನಾನು ನಡೆದುಕೊಂಡೆನೆಂಬುದು ಮುಂದಿನ ವರ್ಷ ತಿಳಿಯಿತು.

2023ನೆಯ ಜುಲೈ ತಿಂಗಳನ್ನು ಕೋಲಾರದ ಟೊಮೇಟೊ ಬೆಳೆಗಾರರು ಮರೆಯುವಂತಿಲ್ಲ. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಹಣ್ಣಿನ ಬಾಕ್ಸು 2,000 ರೂಪಾಯಿಗೂ ಮೀರಿ ಹರಾಜಾದ ದಿನಗಳು ಅವು. ನನ್ನ ತಮ್ಮನು ಹಿಂದಿನ ಸಂಜೆ ಬಿಡಿಸಿದ ಹಣ್ಣನ್ನು ಬಾಕ್ಸುಗಳಿಗೆ ತುಂಬಿ, ಬೆಳಗಿನ ಜಾವ ಗಾಡಿ ಹೊರಡಿಸಿದನು. ಅರ್ಧ ದಾರಿ ಕಳೆಯುವುದರೊಳಗೆ ಇಂಜಿನಿನ ಶಾಖವನ್ನು ತೋರಿಸುವ ಮುಳ್ಳು ಕೆಂಪು ಗೆರೆಯನ್ನು ದಾಟಿತು. ಹರಾಜಿನ ಹೊತ್ತು ಮೀರೀತೆಂಬ ಆತುರದಿಂದ ಇನ್ನಷ್ಟು ದೂರ ಓಡಿಸಿದನು. ಗಾಡಿ ಆವಿಯನ್ನು ಕಾರುತ್ತ ನಿಂತಿತು. ಪಕ್ಕದ ತೋಟದ ತೊಟ್ಟಿಯಿಂದ ತಣ್ಣೀರು ತಂದು, ಕಾದು ಕೆಂಡವಾಗಿದ್ದ ಇಂಜಿನಿಗೆ ಸುರಿದನು. ಒಳಗೆ ಗಂಟೆ ಬಡಿದಂತೆ ಒಂದು ಶಬ್ದವಾಯಿತಂತೆ. ಸಿಲಿಂಡರಿನ ತಲೆ ಬಿರುಕು ಬಿಟ್ಟಿತ್ತು. ಬೇರೊಂದು ಗಾಡಿಯನ್ನು ಹುಡುಕಿ ತಂದು ಹಣ್ಣನ್ನು ಬದಲಾಯಿಸಿಕೊಂಡು ಹೋಗುವ ಹೊತ್ತಿಗೆ ಆ ದಿನದ ಹರಾಜು ಮುಗಿದುಹೋಗಿತ್ತು. ಮರುದಿನ ಮೆತ್ತಗಾದ ಹಣ್ಣಿಗೆ ಬಂದ ಬೆಲೆಯನ್ನು ಇಲ್ಲಿ ಬರೆಯಲು ಮನಸ್ಸಿಲ್ಲ.

ಮೆಕ್ಯಾನಿಕ್ಕನು ರೇಡಿಯೇಟರನ್ನು ಬಿಚ್ಚಿ ತೋರಿಸಿದಾಗ ನನಗೆ ನಾಚಿಕೆಯಾಯಿತು. ಅದರ ಸಣ್ಣ ಕೊಳವೆಗಳಲ್ಲಿ ಅರ್ಧಕ್ಕೆ ಮೇಲ್ಪಟ್ಟು ಬಿಳಿಯ ಸುಣ್ಣದ ಪೊರೆಯಿಂದ ಮುಚ್ಚಿಹೋಗಿದ್ದವು. ಈ ಪೊರೆಯನ್ನು ನಾನು ಬಲ್ಲೆನು. ಹನಿ ನೀರಾವರಿಯ ಡ್ರಿಪ್ಪರುಗಳನ್ನು ಕಟ್ಟಿಸುವುದೂ ಇದೇ. ಡ್ರಿಪ್ಪರುಗಳಿಗೆ ಆಮ್ಲವನ್ನು ಹೇಗೆ ಹಾಯಿಸಬೇಕೆಂದು ಊರೂರು ತಿರುಗಿ ಹೇಳಿದವನು ನಾನು. ನಮ್ಮ ಮನೆಯ ಗಾಡಿಗೆ ಅದೇ ಕೊಳವೆ ಬಾವಿಯ ನೀರನ್ನು ಬಿಂದಿಗೆಯಲ್ಲಿ ಹೊಯ್ಯುತ್ತಿರುವುದನ್ನು ನೋಡಿಯೂ ಸುಮ್ಮನಿದ್ದೆನು. ಆಳವಾದ ಕೊಳವೆ ಬಾವಿಗಳ ಗಡುಸು ನೀರಿನಲ್ಲಿ ಸುಣ್ಣದ ಅಂಶವು ಕರಗಿಕೊಂಡಿರುತ್ತದೆ. ನೀರು ಕಾದಾಗ ಅದು ಕರಗಿರಲಾರದೆ ಬೇರ್ಪಟ್ಟು, ಎಲ್ಲಿ ಹೆಚ್ಚು ಕಾವುಂಟೋ ಅಲ್ಲಿಯೇ ಅಂಟಿಕೊಳ್ಳುತ್ತದೆ. ಅಡಿಗೆಮನೆಯ ಹಂಡೆಯ ತಳದಲ್ಲಿ ಕಾಣುವುದೂ ಇದೇ ಪೊರೆ. ಹಂಡೆಯಲ್ಲಿ ಇದರಿಂದ ಸೌದೆ ಹೆಚ್ಚು ಖರ್ಚಾದೀತು. ಇಂಜಿನಿನಲ್ಲಿ ಇಂಜಿನೇ ಹೋಗುತ್ತದೆ.

ಇದಕ್ಕೆ ಪರಿಹಾರವು ಸುಲಭವಾದದ್ದು. ರೇಡಿಯೇಟರಿಗೆ ಕೂಲೆಂಟ್ ಎಂಬ ದ್ರವವನ್ನೂ ಬಟ್ಟಿ ಇಳಿಸಿದ ನೀರನ್ನೂ ಕೈಪಿಡಿಯಲ್ಲಿ ಹೇಳಿರುವ ಪ್ರಮಾಣದಲ್ಲಿ, ಸಾಮಾನ್ಯವಾಗಿ ಸಮಭಾಗವಾಗಿ, ಬೆರೆಸಿ ತುಂಬಬೇಕು. ಮೊದಲೇ ಬೆರೆಸಿ ಮಾರುವ ಡಬ್ಬಿಯಾದರೆ ಅದಕ್ಕೆ ಮತ್ತೆ ನೀರನ್ನು ಸೇರಿಸತಕ್ಕದ್ದಲ್ಲ. ಕೋಲಾರದ ಸೀಮೆ ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿ ಬರಿಯ ನೀರು ತೆರೆದ ಪಾತ್ರೆಯಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕೂಲೆಂಟು ಬೆರೆತ ನೀರು ಇದಕ್ಕಿಂತ ಹೆಚ್ಚಿನ ಕಾವಿನವರೆಗೂ ಕುದಿಯದೆ ನಿಲ್ಲುತ್ತದೆ. ಒಳಗಿನ ಲೋಹಕ್ಕೆ ತುಕ್ಕನ್ನೂ ಹಿಡಿಸುವುದಿಲ್ಲ. ರೇಡಿಯೇಟರಿನ ಮುಚ್ಚಳವೂ ಬರಿಯ ಮುಚ್ಚಳವಲ್ಲ. ಅದರಲ್ಲಿರುವ ಸ್ಪ್ರಿಂಗು ಒಳಗಿನ ಒತ್ತಡವನ್ನು ಹಿಡಿದಿಟ್ಟು ಕುದಿಯುವ ಬಿಂದುವನ್ನು ಇನ್ನೂ ಮೇಲಕ್ಕೆ ಏರಿಸುತ್ತದೆ. ಅದರ ರಬ್ಬರು ಬಿರಿದಿದ್ದರೆ ಹೊಸ ಮುಚ್ಚಳವನ್ನು ತಂದು ಹಾಕಬೇಕೇ ಹೊರತು ಬಟ್ಟೆ ಸುತ್ತಿ ಬಿಗಿಯಬಾರದು. ಇಂಜಿನು ಬಿಸಿಯಿರುವಾಗ ಈ ಮುಚ್ಚಳವನ್ನು ಯಾರೂ ತೆಗೆಯಕೂಡದು. ಚಿಮ್ಮುವ ನೀರಿನಿಂದ ಮುಖ ಬೆಂದವರನ್ನು ನಾನು ಕಂಡಿದ್ದೇನೆ. ದಾರಿಯಲ್ಲಿ ಮುಳ್ಳು ಕೆಂಪಿಗೆ ಏರಿದರೆ ಗಾಡಿಯನ್ನು ಆಗಲೇ ನಿಲ್ಲಿಸಿ, ಇಂಜಿನನ್ನು ಆರಿಸಿ, ತಾನಾಗಿ ತಣಿಯುವವರೆಗೆ ಕಾಯಬೇಕು. ಹರಾಜು ನಾಳೆಯೂ ಇರುತ್ತದೆ.

ಇನ್ನೊಂದು ಮಾತು. ಕೂಲೆಂಟು ಸಾಮಾನ್ಯವಾಗಿ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಬದಲಾಯಿಸಿದಾಗ ಹಳೆಯದನ್ನು ಅಂಗಳದಲ್ಲಿ ಚೆಲ್ಲಿದರೆ ನಾಯಿಯೋ ಕರುವೋ ನೆಕ್ಕಿ ಸತ್ತೀತು. ಡಬ್ಬಿಯಲ್ಲಿ ತುಂಬಿ ಮಕ್ಕಳಿಗೂ ದನಗಳಿಗೂ ಎಟುಕದಂತೆ ಇಟ್ಟು, ಗಾಡಿ ದುರಸ್ತು ಮಾಡುವ ಕಡೆಗೆ ಒಪ್ಪಿಸಿಬಿಡಬೇಕು.

ಇಂಜಿನು ಕಾಯುವುದೆಂದು ಹೇಳಿದರೆ ಕೆಲವು ಮೆಕ್ಯಾನಿಕ್ಕರು ಥರ್ಮೋಸ್ಟಾಟ್ ಎಂಬ ಕವಾಟವನ್ನೇ ಕಿತ್ತು ಎಸೆದು, ಇನ್ನು ಕಾಯುವುದಿಲ್ಲವೆಂದು ಕಳುಹಿಸುತ್ತಾರೆ. ಇದು ತಲೆನೋವಿಗೆ ತಲೆಯನ್ನು ತೆಗೆದಂತೆ. ಆ ಕವಾಟವು ಇಂಜಿನನ್ನು ತಕ್ಕ ಕಾವಿಗೆ ಬೇಗ ತಂದು ಆ ಕಾವಿನಲ್ಲಿಯೇ ನಿಲ್ಲಿಸತಕ್ಕದ್ದು. ಅದಿಲ್ಲದೆ ತಣ್ಣಗೆ ಓಡುವ ಇಂಜಿನು ಡೀಸೆಲನ್ನು ಹೆಚ್ಚು ಕುಡಿದು ಬೇಗ ಸವೆಯುತ್ತದೆ. ಕಾಯುವುದಕ್ಕೆ ಬೇರೆ ಕಾರಣಗಳನ್ನು ಮೊದಲು ನೋಡಬೇಕು. ರೇಡಿಯೇಟರಿನ ಮುಂಭಾಗದ ತೆಳುರೆಕ್ಕೆಗಳಲ್ಲಿ ಹೊಟ್ಟು, ಧೂಳು, ಸತ್ತ ಹುಳುಗಳು ತುಂಬಿಕೊಂಡಿವೆಯೇ? ಹಾಗಿದ್ದರೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಫ್ಯಾನಿನ ಬೆಲ್ಟು ಸಡಿಲವಾಗಿದೆಯೇ? ಇಂಜಿನು ನಿಂತಿರುವಾಗ ಹೆಬ್ಬೆರಳಿನಿಂದ ನಡುವೆ ಒತ್ತಿದರೆ ಸುಮಾರು ಅರ್ಧ ಅಂಗುಲಕ್ಕಿಂತ ಹೆಚ್ಚು ತಗ್ಗಬಾರದು. ರಬ್ಬರು ಕೊಳವೆಗಳು ಉಬ್ಬಿವೆಯೇ, ಬಿರಿದಿವೆಯೇ? ಇವೆಲ್ಲವನ್ನೂ ನೋಡಲು ಹಲ್ಲುಜ್ಜುವಷ್ಟು ಹೊತ್ತು ಸಾಕು.

ಹಳೆಯ ಗಾಡಿಯನ್ನು ಕೊಳ್ಳುವವರು ನಾನು ಮಾಡದೆ ಬಿಟ್ಟ ಪರೀಕ್ಷೆಗಳನ್ನು ಮಾಡತಕ್ಕದ್ದು. ಇಂಜಿನು ಪೂರ್ತಿ ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿಯೇ ಹೋಗಬೇಕು. ಮಾರುವವನು ಮೊದಲೇ ಓಡಿಸಿ ಬಿಸಿಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುವೆನೆಂದು ಹಿಂದಿರುಗುವುದು ಲೇಸು. ತಣ್ಣಗಿರುವ ರೇಡಿಯೇಟರಿನ ಮುಚ್ಚಳವನ್ನು ತೆಗೆದು ಇಂಜಿನನ್ನು ಹೊರಡಿಸಿದಾಗ ನೀರಿನಲ್ಲಿ ಒಂದೇ ಸಮನೆ ಗುಳ್ಳೆಗಳು ಏಳುತ್ತಿದ್ದರೆ ಸಿಲಿಂಡರಿನ ತಲೆಯ ಗ್ಯಾಸ್ಕೆಟ್ಟು ಹೋಗಿದೆಯೆಂದು ಶಂಕಿಸಬೇಕು. ಎಣ್ಣೆಯ ಅಳತೆಕಡ್ಡಿಯಲ್ಲಿ ಹಾಲು ಬೆರೆಸಿದಂಥ ಬಣ್ಣ ಕಂಡರೆ ನೀರು ಎಣ್ಣೆಗೆ ಸೇರಿದೆಯೆಂದು ಅರ್ಥ. ಹೊಗೆಯೂ ಒಂದು ಭಾಷೆಯೇ. ಇಂಜಿನು ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿರಬಹುದು. ನೀಲಿಯ ಹೊಗೆಯಾದರೆ ಎಣ್ಣೆ ಸುಡುತ್ತಿದೆ. ಕಪ್ಪು ಹೊಗೆಯಾದರೆ ಡೀಸೆಲು ಪೂರ್ತಿ ಉರಿಯುತ್ತಿಲ್ಲ. ಕಪ್ಪು ಹೊಗೆಗೆ ಗಾಳಿಯ ಫಿಲ್ಟರು ಕಟ್ಟಿರುವಷ್ಟು ಸಣ್ಣ ಕಾರಣವೂ ಇರಬಹುದಾದ್ದರಿಂದ ಅದಕ್ಕೆ ಅಷ್ಟಾಗಿ ಹೆದರಬೇಕಾದ್ದಿಲ್ಲ. ನೀಲಿಯ ಹೊಗೆಗೆ ಹೆದರಬೇಕು. ಆಮೇಲೆ ಒಂದು ಗೋಣಿ ಹಾಸಿ ಗಾಡಿಯ ಕೆಳಗೆ ಮಲಗಿ, ಚಾಸಿಯ ತೊಲೆಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಕಬ್ಬಿಣದ ನಾದವೇ ಬೇರೆ, ತುಕ್ಕು ತಿಂದ ಕಬ್ಬಿಣದ ನಾದವೇ ಬೇರೆ.

ಸಿಲಿಂಡರಿನ ತಲೆಯನ್ನು ಬದಲಾಯಿಸಿ ರೇಡಿಯೇಟರನ್ನು ಹೊಸದು ಹಾಕಿಸುವುದಕ್ಕೆ ಗಾಡಿಯ ಕ್ರಯದಲ್ಲಿ ಐದರಲ್ಲೊಂದು ಪಾಲಿನಷ್ಟು ಹಣ ಹಿಡಿಯಿತು. ಆಗ ಮೆಕ್ಯಾನಿಕ್ಕನು ಬ್ರೇಕಿನ ಹಿಂಬದಿಯ ಸಿಲಿಂಡರುಗಳು ಒಸರುತ್ತಿವೆ, ಅವನ್ನೂ ಈಗಲೇ ಮಾಡಿಸಿಬಿಡಿ ಎಂದನಂತೆ. ಕೈಯಲ್ಲಿ ಹಣವಿರಲಿಲ್ಲ. ‘ಗಾಡಿ ಓಡುತ್ತಿದೆಯಲ್ಲ, ಬ್ರೇಕನ್ನು ಮಾವಿನ ಸುಗ್ಗಿ ಕಳೆದ ಮೇಲೆ ನೋಡೋಣ’ ಎಂದು ತಮ್ಮನು ಮುಂದಕ್ಕೆ ಹಾಕಿದನು. ನಾನೂ ಬೇಡವೆನ್ನಲಿಲ್ಲ. ಮರುವರ್ಷ ಮಾವು ಕೀಳುವ ಕಾಲದಲ್ಲಿ ಒಂದು ಬೆಳಿಗ್ಗೆ, ಕೂಲಿಯ ಹೆಂಗಸರು ಏಳು ಜನರನ್ನು ತೊಟ್ಟಿಯಲ್ಲಿ ಕೂರಿಸಿಕೊಂಡು ಕೆರೆಯ ಏರಿಯಿಂದ ಇಳಿಯುತ್ತಿರುವಾಗ ಬ್ರೇಕಿನ ತುಳಿಗೆ ಅವನ ಕಾಲಿನ ಕೆಳಗೆ ನೆಲಕ್ಕೆ ಮುಟ್ಟಿತು. ಗಾಡಿ ನಿಲ್ಲಲಿಲ್ಲ. ಅವನು ಎದೆಗೆಡದೆ ಗೇರನ್ನು ಕೆಳಕ್ಕಿಳಿಸಿ, ಕೈಬ್ರೇಕನ್ನು ಎಳೆದು, ರಸ್ತೆಯ ಪಕ್ಕದಲ್ಲಿದ್ದ ಗೊಬ್ಬರದ ತಿಪ್ಪೆಗೆ ಗಾಡಿಯನ್ನು ನುಗ್ಗಿಸಿದನು. ಒಂದು ಮಾರು ಆಚೆಗೆ ಕೆರೆಯ ತೂಬಿನ ಕಾಲುವೆಯಿತ್ತು. ಪ್ರಾಣಹಾನಿಯಾಗಲಿಲ್ಲ, ಒಬ್ಬಾಕೆಯ ಮುಂಗೈ ಮುರಿಯಿತು. ಮೂರು ತಿಂಗಳು ಆಕೆ ಕಳೆ ಕೀಳಲಾರದೆ, ಹಾಲು ಕರೆಯಲಾರದೆ ಕುಳಿತದ್ದನ್ನು ನಾವು ಕಂಡೆವು. ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧವಾದ್ದರಿಂದ ವಿಮೆಯ ಮಾತನ್ನೆತ್ತುವಂತಿರಲಿಲ್ಲ. ಔಷಧದ ಖರ್ಚನ್ನೂ ಕೂಲಿಯನ್ನೂ ತಮ್ಮನೇ ಕೊಟ್ಟನು, ಕೊಡಬೇಕಾದ್ದೇ.

ಆದಕಾರಣ ಹಳೆಯ ಗಾಡಿಗೆ ಹಣ ಹಾಕುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನಾವು ಬಹುಮಟ್ಟಿಗೆ ತಲೆಕೆಳಗು ಮಾಡಿಕೊಂಡಿದ್ದೇವೆಂದು ನನ್ನ ಅಭಿಪ್ರಾಯ. ಗಾಡಿಯನ್ನು ನಿಲ್ಲಿಸುವ ಮತ್ತು ತಿರುಗಿಸುವ ಅಂಗಗಳಿಗೆ ಮೊದಲ ರೂಪಾಯಿ ಸಲ್ಲತಕ್ಕದ್ದು. ತಂಪಾಗಿಡುವ ಅಂಗಗಳಿಗೆ ಎರಡನೆಯದು. ಓಡಿಸುವ ಅಂಗಗಳಿಗೆ ಆಮೇಲೆ. ಬಣ್ಣ, ಹಾಡಿನ ಪೆಟ್ಟಿಗೆ, ಮಿನುಗುವ ದೀಪಗಳಿಗೆ ಹಣ ಉಳಿದರೆ ಕೊನೆಗೆ. ಓಡಲಾರದ ಗಾಡಿ ಮನೆಯ ಮುಂದೆ ನಿಲ್ಲುತ್ತದೆ, ಅದರಿಂದ ಯಾರ ಕೈಯೂ ಮುರಿಯದು.

ಬ್ರೇಕಿನ ದ್ರವವು ಗಾಳಿಯಲ್ಲಿನ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ಎಂಬ ವರ್ಗದ ದ್ರವವು ಹೊಸದಾಗಿದ್ದಾಗ ಕಡಮೆಯೆಂದರೂ 205 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮವುಂಟು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಭಾರ ಹೊತ್ತು ಘಾಟಿಯನ್ನು ಇಳಿಯುವಾಗ, ಉದಾಹರಣೆಗೆ ಇಲ್ಲಿಂದ ಚಿತ್ತೂರಿನ ಕಡೆಗೆ ಹೋಗುವ ಮೊಗಿಲಿ ಘಾಟಿಯಲ್ಲಿ, ಬ್ರೇಕನ್ನು ತುಳಿದೇ ಇಳಿದರೆ ಬ್ರೇಕು ಕಾದು ದ್ರವವು ಆವಿಯಾಗುತ್ತದೆ. ಆವಿಯು ಅದುಮಿದರೆ ಅದುಮಿಕೊಳ್ಳುವುದೇ ಹೊರತು ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದಿಲ್ಲ; ಆಗ ತುಳಿಗೆ ನೆಲ ಮುಟ್ಟುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಾಯಿಸಬೇಕು. ದ್ರವದ ಮಟ್ಟ ಇಳಿಯುತ್ತಿದ್ದರೆ ಬ್ರೇಕಿನ ಪಟ್ಟಿಗಳು ಸವೆದಿವೆ, ಇಲ್ಲವೆ ಎಲ್ಲಿಯೋ ಒಸರುತ್ತಿದೆ ಎಂದು ತಿಳಿದು ಚಕ್ರದ ಒಳಮೈಯನ್ನು ನೋಡಬೇಕು. ಮೇಲಿನಿಂದ ತುಂಬುತ್ತ ಹೋಗುವುದು ರೋಗಕ್ಕೆ ಔಷಧವಲ್ಲ. ಪ್ರತಿದಿನ ಹೊರಡುವ ಮುಂಚೆ ಇಂಜಿನನ್ನು ಹೊರಡಿಸಿ ತುಳಿಗೆಯನ್ನು ಅರ್ಧ ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಅದು ಮೆಲ್ಲಗೆ ಕೆಳಕ್ಕೆ ಜಾರುತ್ತ ಹೋದರೆ ಆ ದಿನ ಗಾಡಿ ಹೊರಡಕೂಡದು.

ಇಳಿಜಾರಿನಲ್ಲಿ ಡೀಸೆಲ್ ಉಳಿಯುವುದೆಂದು ಗೇರು ತೆಗೆದು, ಕೆಲವರಂತೂ ಇಂಜಿನನ್ನೇ ಆರಿಸಿ, ಗಾಡಿಯನ್ನು ಜಾರಬಿಡುವುದುಂಟು. ಇದು ಉಳಿತಾಯವೂ ಅಲ್ಲ. ಗೇರಿನಲ್ಲಿಯೇ ಇದ್ದು ವೇಗದ ತುಳಿಗೆಯಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಚಕ್ರಗಳೇ ಇಂಜಿನನ್ನು ತಿರುಗಿಸುತ್ತವೆ; ಪಂಪು ಡೀಸೆಲನ್ನು ನಿಲ್ಲಿಸುತ್ತದೆ. ಗೇರು ತೆಗೆದಾಗಲೇ ಇಂಜಿನು ಸುಮ್ಮನೆ ತಿರುಗುವುದಕ್ಕೆ ಡೀಸೆಲು ಬೇಕಾಗುತ್ತದೆ. ಇಂಜಿನನ್ನು ಆರಿಸಿದರೆ ಬ್ರೇಕಿಗೆ ಬಲ ಕೊಡುವ ನಿರ್ವಾತದ ಪಂಪೂ ನಿಂತು, ಒಂದೆರಡು ಸಲ ತುಳಿದ ಮೇಲೆ ತುಳಿಗೆ ಕಲ್ಲಾಗುತ್ತದೆ. ಯಾವ ಗೇರಿನಲ್ಲಿ ಹತ್ತಬೇಕೋ ಆ ಗೇರಿನಲ್ಲಿಯೇ ಇಳಿಯಬೇಕೆಂಬುದು ಅನುಭವಸಿದ್ಧವಾದ ಮಾತು.

ಭಾರದ ವಿಷಯವಾಗಿಯೂ ಹೇಳಬೇಕು. ಗಾಡಿಯ ನೋಂದಣಿ ಪತ್ರದಲ್ಲಿ ಒಟ್ಟು ತೂಕವೆಷ್ಟು, ಖಾಲಿ ಗಾಡಿಯ ತೂಕವೆಷ್ಟು ಎಂದು ಬರೆದಿರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಹೇರಬಹುದಾದ ಭಾರ. ಅದರಲ್ಲಿ ಚಾಲಕನೂ ಜೊತೆಯವನೂ ಸೇರುತ್ತಾರೆ. 1,200 ಕಿಲೋ ಸರಕು ಹೊರುವ ಪಿಕಪ್ಪಿಗೆ, ಹಣ್ಣೂ ಬಾಕ್ಸೂ ಸೇರಿ 17 ಕಿಲೋ ಎಂದು ಹಿಡಿದರೆ, 70 ಬಾಕ್ಸು ಸರಿಯಾದ ಲೆಕ್ಕ. 110, 120 ಬಾಕ್ಸುಗಳನ್ನು ಹೇರಿ ಹಗ್ಗ ಬಿಗಿದುಕೊಂಡು ಹೋಗುವುದನ್ನು ದಿನವೂ ನೋಡುತ್ತೇವೆ. ಒಂದು ಸುತ್ತಿನ ಬಾಡಿಗೆ ಉಳಿಯುತ್ತದೆ, ನಿಜ. ಸ್ಪ್ರಿಂಗಿನ ಪಟ್ಟಿ, ಚಕ್ರದ ಬೇರಿಂಗು, ಕ್ಲಚ್ಚು, ಟೈರು ಇವುಗಳ ಲೆಕ್ಕವನ್ನು ವರ್ಷದ ಕೊನೆಯಲ್ಲಿ ಕೂಡಿ ನೋಡಿದವರಿಗೆ ಆ ಉಳಿತಾಯ ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡವನ್ನೂ, ಮಿತಿಮೀರಿದ ಪ್ರತಿ ಟನ್ನಿಗೆ ಇನ್ನೂ 2,000 ರೂಪಾಯಿಯನ್ನೂ ಹೇಳಿರುತ್ತದೆ.

ಉಳಿದ ಅಂಗಗಳ ವಿಷಯವನ್ನು ಸಂಗ್ರಹವಾಗಿ ಹೇಳಬಹುದು. ಇಂಜಿನಿನ ಎಣ್ಣೆಯನ್ನು ಗಾಡಿ ಸಮನೆಲದಲ್ಲಿ ತಣ್ಣಗೆ ನಿಂತಿರುವಾಗ ವಾರಕ್ಕೊಮ್ಮೆ ಅಳೆಯುವುದು. ಕೈಪಿಡಿಯಲ್ಲಿ ಹೇಳಿದ ದೂರಕ್ಕಿಂತ ಮುಂಚೆಯೇ ಬದಲಾಯಿಸುವುದು, ಏಕೆಂದರೆ ಹೊಲದ ಧೂಳಿನಲ್ಲಿ ತುಂಡುತುಂಡಾಗಿ ಓಡುವ ಗಾಡಿಯ ಎಣ್ಣೆ ಹೆದ್ದಾರಿಯ ಗಾಡಿಯದಕ್ಕಿಂತ ಬೇಗ ಕೆಡುತ್ತದೆ. ಎಣ್ಣೆಯ ಜೊತೆಗೆ ಅದರ ಫಿಲ್ಟರನ್ನೂ ಬದಲಾಯಿಸಬೇಕು. ಡೀಸೆಲ್ ಫಿಲ್ಟರಿನ ತಳದಲ್ಲಿ ಸೇರಿದ ನೀರನ್ನು ಆಗಾಗ್ಗೆ ಬಿಟ್ಟುಬಿಡಬೇಕು. ಟ್ಯಾಂಕು ಬರಿದಾಗಿ ಕೊಳವೆಗೆ ಏರ್ ಹಿಡಿದರೆ ಕೈಪಂಪಿನಿಂದ ತೆಗೆಯುವ ಕ್ರಮವನ್ನು ಡೀಸೆಲ್ ಪಂಪ್‌ಸೆಟ್ಟನ್ನು ಬಲ್ಲ ರೈತರಿಗೆ ಹೇಳಿಕೊಡಬೇಕಾದ್ದಿಲ್ಲ. 2020ನೆಯ ಏಪ್ರಿಲ್ಲಿನಿಂದ ಮಾರಾಟವಾದ ಬಿ.ಎಸ್. 6 ಗಾಡಿಗಳಲ್ಲಿ ಮಾತ್ರ ಇಂಥ ಕೈಕೆಲಸಕ್ಕೆ ತೊಡಗದೆ, ತಕ್ಕ ಉಪಕರಣವುಳ್ಳ ಕಡೆಗೆ ಒಯ್ಯುವುದು ಮೇಲು. ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. 2419 ಎಂದಿದ್ದರೆ ಅದು 2019ನೆಯ ಇಸವಿಯ 24ನೆಯ ವಾರದಲ್ಲಿ ಆದದ್ದು. ಹಲ್ಲು ಚೆನ್ನಾಗಿದ್ದರೂ ರಬ್ಬರು ಮುದಿಯಾಗಿ ಬಿರಿದಿದ್ದರೆ ಮುಂದಿನ ಚಕ್ರಗಳಿಗೆ ಅದನ್ನು ಹಾಕಬಾರದು.

ನಮ್ಮ ಇಲಾಖೆಗೆ ನೇರವಾಗಿ ಸಂಬಂಧಪಟ್ಟದ್ದು ಹಿಂದಿನ ತೊಟ್ಟಿ. ಯೂರಿಯಾ, ಪೊಟ್ಯಾಷ್, ಕೋಳಿಗೊಬ್ಬರ ಇವನ್ನು ಸಾಗಿಸಿ ಹಾಗೆಯೇ ಬಿಟ್ಟರೆ, ಚೆಲ್ಲಿದ ಗೊಬ್ಬರವು ತೇವ ಹೀರಿ ತಗಡಿನ ಸಂದುಗಳಲ್ಲಿ ಕುಳಿತು ಕಬ್ಬಿಣವನ್ನು ತಿನ್ನುತ್ತದೆ. ಪೊಟ್ಯಾಷಿನಲ್ಲಿರುವ ಕ್ಲೋರೈಡು ಈ ಕೆಲಸದಲ್ಲಿ ಬಲು ಚುರುಕು. ಅದೇ ದಿನ ಗುಡಿಸಿ, ತೊಳೆದು, ಬಿಸಿಲಿಗೆ ಒಣಗಿಸಬೇಕು. ಕೀಟನಾಶಕಗಳನ್ನಂತೂ ತರಕಾರಿ, ಹಿಟ್ಟು, ಮೇವುಗಳ ಜೊತೆಯಲ್ಲಿ ಎಂದಿಗೂ ಹೇರಕೂಡದು. 1958ನೆಯ ಇಸವಿಯಲ್ಲಿ ಸಾಗಣೆಯಲ್ಲಿ ಪ್ಯಾರಾಥಿಯಾನ್ ಸೋರಿ ಗೋಧಿ ಹಿಟ್ಟಿಗೆ ಬೆರೆತು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 1968ರ ಕೀಟನಾಶಕಗಳ ಕಾಯಿದೆ ಹುಟ್ಟಿದ್ದು ಆ ದುರಂತದ ತರುವಾಯ. ನನ್ನ ತಿರುಗಾಟದಲ್ಲಿ ಔಷಧದ ಡಬ್ಬಿಯ ಮೇಲೆಯೇ ಸೊಪ್ಪಿನ ಕಟ್ಟು ಇಟ್ಟಿದ್ದ ಗಾಡಿಗಳನ್ನು ನಿಲ್ಲಿಸಿ ಹೇಳಿದ್ದೇನೆ, ಕೆಲವರು ನಕ್ಕಿದ್ದಾರೆ.

ಸರಕಿನ ಗಾಡಿಯು ಎಂಟು ವರ್ಷ ದಾಟಿದ ಮೇಲೆ ಅದರ ಯೋಗ್ಯತಾ ಪತ್ರವನ್ನು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಇದನ್ನು ಅನೇಕರು ತೊಂದರೆಯೆಂದು ತಿಳಿದು, ತಪಾಸಣೆಯ ಹಿಂದಿನ ದಿನ ದೀಪವನ್ನೂ ಕನ್ನಡಿಯನ್ನೂ ಎರವಲು ತಂದು ಹಾಕುತ್ತಾರೆ. ತಮ್ಮನಿಗೆ ಈಗ ಹೀಗೆ ಮಾಡಿಸಿದ್ದೇನೆ: ತಪಾಸಣೆಗೆ ಒಂದು ತಿಂಗಳ ಮುಂಚೆ ನಾಲ್ಕು ಚಕ್ರಗಳನ್ನೂ ಬಿಚ್ಚಿಸಿ ಬ್ರೇಕು, ಬೇರಿಂಗು, ಸ್ಟೀರಿಂಗಿನ ಕೀಲುಗಳನ್ನು ನೋಡಿಸುವುದು, ಯಾವ ದಿನ ಏನು ಮಾಡಿಸಿದೆ, ಎಷ್ಟು ಕಿಲೋಮೀಟರಿಗೆ, ಎಷ್ಟು ಖರ್ಚು ಎಂಬುದನ್ನು ಗಾಡಿಯಲ್ಲಿಯೇ ಇಟ್ಟಿರುವ ಪುಸ್ತಕದಲ್ಲಿ ಬರೆಯುವುದು. ವರ್ಷದ ದುರಸ್ತಿನ ಖರ್ಚು ಅದೇ ಸರಕನ್ನು ಬಾಡಿಗೆಯ ಗಾಡಿಯಲ್ಲಿ ಸಾಗಿಸುವ ಖರ್ಚನ್ನು ಮೀರಿದ ವರ್ಷ ಗಾಡಿಯನ್ನು ಮಾರಿಬಿಡುವುದೆಂದು ಇಬ್ಬರೂ ಒಪ್ಪಿಕೊಂಡಿದ್ದೇವೆ. ಇನ್ನೂ ಆ ವರ್ಷ ಬಂದಿಲ್ಲ. ಕೂಲಿಯವರನ್ನು ಈಗ ಬಾಡಿಗೆಯ ಆಟೋದಲ್ಲಿ ಕರೆತರುತ್ತಾನೆ. ಮೊನ್ನೆ ಊರಿಗೆ ಹೋಗಿದ್ದಾಗ ಪುಸ್ತಕವನ್ನು ತೆಗೆದು ನೋಡಿದೆನು. ಬ್ರೇಕಿನ ದ್ರವ ಬದಲಾಯಿಸಿದ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದಿದ್ದನು. ಎಡಗಡೆಯ ಹಿಂದಿನ ಸ್ಪ್ರಿಂಗಿನಲ್ಲಿ ಒಂದು ಪಟ್ಟಿ ಸೀಳಿದೆಯೆಂದೂ, ಅದನ್ನು ಹಾಕಿಸುವವರೆಗೆ 40 ಬಾಕ್ಸಿಗಿಂತ ಹೆಚ್ಚು ಹೇರಬಾರದೆಂದೂ ಅದರ ಕೆಳಗೆ ಬರೆದಿತ್ತು.